ಕೆಂಪೇರದ ಕಣ್ಣು

ಕಣ್ಣುಬೇನೆಯೆಂದರೆ ಯಾರಿಗೂ ತಿಳಿಯುವಂತಹದು. ಕಣ್ಣು ಕೆಂಪೇರುತ್ತದೆ, ನೀರು ಸುರಿಯುತ್ತದೆ, ಮಗು ಅಳುತ್ತದೆ. ಆದರೆ ಕೆಂಪಾಗದೆ, ನೋಯದೆ, ದೃಷ್ಟಿಯನ್ನೇ ಕದ್ದೊಯ್ಯುವ ಉರಿಯೂತವೊಂದು ಉಂಟೆಂದರೆ ನೀವು ನಂಬುವಿರಾ? ಅದು ಬರುವುದು ಮೊಣಕಾಲೋ ಹರಡೋ ಊದಿಕೊಂಡ ಎಳೆಯ ಮಕ್ಕಳಿಗೆ. ಇದರ ಗುಟ್ಟನ್ನರಿಯಲು ವೈದ್ಯರಿಗೇ ಬಹುಕಾಲ ಹಿಡಿಯಿತು.

ಸಂಧಿವಾತವು ಮುದುಕರ ಸೊತ್ತೆಂದು ಜನ ಈಗಲೂ ಎಣಿಸುತ್ತಾರೆ. ಲಂಡನ್ನಿನಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ತರುಣ ವೈದ್ಯನು 1897ರಲ್ಲೇ 22 ಮಕ್ಕಳ ಕೀಲುಬೇನೆಯನ್ನು ಕುರಿತು ಪ್ರಬಂಧ ಪ್ರಕಟಿಸಿದ್ದನು. ಗ್ರಂಥಿಗಳೂ ಗುಲ್ಮವೂ ಊದುವುದನ್ನು ಆತ ಕಂಡಿದ್ದ. ಕಣ್ಣಿನ ಸರದಿ ಬಂದದ್ದು ಹದಿಮೂರು ವರ್ಷಗಳ ಮೇಲೆ. 1910ರಲ್ಲಿ ಜರ್ಮನಿಯ ನೇತ್ರವೈದ್ಯ ಓಮ್, ಕೀಲುಬೇನೆಯ ಬಾಲಕಿಯೊಬ್ಬಳ ಕಣ್ಣಿನ ಪಾರದರ್ಶಕ ಪೊರೆಗೆ ಅಡ್ಡಲಾಗಿ ಪಟ್ಟಿಯಂತೆ ಬಿಳುಪು ಕಟ್ಟಿದ್ದನ್ನು ವರದಿಮಾಡಿದನು. ಆ ಬಿಳುಪು ಸುಣ್ಣದ ಅಂಶ. ಒಳಗಿನ ಉರಿಯೂತ ಬಹುದಿನ ನಿಂತ ಮೇಲೆ ಮೂಡುವಂತಹದು. ಎಂದರೆ ಆತ ಕಂಡದ್ದು ಬೆಂಕಿಯನ್ನಲ್ಲ, ಬೂದಿಯನ್ನು.

ಬೆಂಕಿಯನ್ನೇ ತೋರಿಸುವ ಉಪಕರಣ ಮರುವರ್ಷವೇ ಬಂದಿತು. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ತನ್ನ ಸೀಳುದೀಪವನ್ನು ಪ್ರದರ್ಶಿಸಿದನು. ಹಂಚಿನ ಸಂದಿಯಿಂದಿಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತೇಲುವುದನ್ನು ನೀವು ನೋಡಿದ್ದೀರಷ್ಟೆ. ಕತ್ತಲ ಕೋಣೆಯಲ್ಲಿ ಈ ದೀಪದ ತೆಳುಬೆಳಕನ್ನು ಕಣ್ಣಿಗೆ ಬಿಟ್ಟರೆ, ಮುಂಭಾಗದ ತಿಳಿನೀರಿನಲ್ಲಿ ಉರಿಯೂತದ ಜೀವಕೋಶಗಳು ಹಾಗೆಯೇ ಕಾಣುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಮಲ್ಲಿಗೆಯಷ್ಟು ಬೆಳ್ಳಗೆ!

ಇನ್ನು ಚಿಕಿತ್ಸೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1948ರಲ್ಲಿ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಕಾರ್ಟಿಸೋನ್ ಕೊಟ್ಟನು. ಅದೇ ಬಳಗದ ಔಷಧಿಗಳು ಮುಂದೆ ಕಣ್ಣಿನ ಹನಿಗಳಾಗಿ ಬಂದವು. ಆದರೆ ಬಹುಕಾಲ ಹಾಕಿದರೆ ಅವೇ ಕಣ್ಣಿಗೆ ಪೊರೆ ತರಬಲ್ಲವು, ಒಳಒತ್ತಡವನ್ನು ಏರಿಸಬಲ್ಲವು. ಕಾಯುವವನೇ ಕಳ್ಳನಾದಂತೆ. ಮೆಥೊಟ್ರೆಕ್ಸೇಟಿನ ಜೊತೆಗೆ ಅಡಾಲಿಮುಮಾಬ್ ಎಂಬ ಚುಚ್ಚುಮದ್ದನ್ನು ಬ್ರಿಟನ್ನಿನಲ್ಲಿ 90 ಮಕ್ಕಳ ಮೇಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ವಿಫಲವಾದದ್ದು ಅದನ್ನು ಪಡೆದ 60 ಮಕ್ಕಳಲ್ಲಿ 16 ಮಂದಿಗೆ; ಹುಸಿಮದ್ದು ಪಡೆದ 30ರಲ್ಲಿ 18 ಮಂದಿಗೆ. ದೊಡ್ಡ ಗೆಲುವೇ ಸರಿ.

ಆದರೂ ಮೊದಲು ಯಾರಾದರೂ ನೋಡಬೇಕಲ್ಲ! ಕೆಲವೇ ಕೀಲುಗಳು ಊದಿದ ಪುಟ್ಟ ಹೆಣ್ಣುಮಕ್ಕಳಲ್ಲಿ ಅಪಾಯ ಹೆಚ್ಚು. ಮಂಜು ಕವಿದ ಲೋಕವನ್ನೇ ಲೋಕವೆಂದುಕೊಂಡ ಮಗು ದೂರು ಹೇಳುವುದೆಂತು? ಅದಕ್ಕಾಗಿಯೇ ಇಂತಹ ಮಕ್ಕಳ ಕಣ್ಣನ್ನು ಮೂರು ಮೂರು ತಿಂಗಳಿಗೊಮ್ಮೆ ಸೀಳುದೀಪದಲ್ಲಿ ನೋಡುವ ಕ್ರಮ ಬಂದಿದೆ. ಮೊಣಕಾಲಿನ ಊತ ಇಳಿದು ಮಗು ಕುಣಿದಾಡುತ್ತಿದ್ದರೂ ಸರಿಯೆ. ಕಣ್ಣಿನ ಉರಿಯೂತವು ಕೀಲನ್ನು ಕೇಳಿಕೊಂಡು ಬರುವುದಿಲ್ಲ.