ಸೇತುವೆ, ಟಾರ್ಚು, 17 ನಿಮಿಷ

1996ರಲ್ಲಿ ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದವನು ಮೊದಲು ಹೋದದ್ದು ಅವೆನ್ಯೂ ರಸ್ತೆಗೆ. ಹಳೇ ಪುಸ್ತಕದಂಗಡಿಯವರು ನನ್ನ ಮುಖ ನೋಡಿದ್ದೇ, "ಸಾಫ್ಟ್‌ವೇರ್ ಟೆಸ್ಟಾ?" ಅಂದು ಶಕುಂತಲಾ ದೇವಿಯವರ ಒಗಟಿನ ಪುಸ್ತಕ ಕೈಗಿಟ್ಟರು. ಇನ್ಫೋಸಿಸ್ ಪರೀಕ್ಷೆಗೆ ಓದುವ ಹುಡುಗರಿಗೆಲ್ಲ ಆಗ ಅದೇ ಪಠ್ಯ. ಹಿಂದಿನ ಗಿರಾಕಿ ಅರ್ಧದಷ್ಟು ಲೆಕ್ಕ ಪೆನ್ಸಿಲಿನಲ್ಲಿ ಬಿಡಿಸಿದ್ದ, ಬಹಳಷ್ಟು ತಪ್ಪಾಗಿ.

ನಾನು ಪರೀಕ್ಷೆ ಬರೆದದ್ದು ಬೇರೊಂದು ಕಂಪನಿಗೆ. ರಾತ್ರಿ, ಸೇತುವೆ, ನಾಲ್ವರು, ಒಂದೇ ಟಾರ್ಚು. ದಾಟಲು ಒಬ್ಬೊಬ್ಬರಿಗೆ 1, 2, 5, 10 ನಿಮಿಷ ಬೇಕು. ಒಮ್ಮೆಗೆ ಇಬ್ಬರೇ ಹೋಗಬಹುದು. ಚುರುಕಿನವನೇ ಟಾರ್ಚು ಹಿಡಿದು ಓಡಾಡಲಿ ಎಂದು 19 ಬರೆದೆ. ನಿಧಾನದವರಿಬ್ಬರನ್ನೂ ಜೊತೆಗೆ ಕಳಿಸಿದರೆ 17ಕ್ಕೆ ಮುಗಿಯುತ್ತದೆಂದು ಹೊಳೆದದ್ದು ಮೆಜೆಸ್ಟಿಕ್ಕಿನಲ್ಲಿ, ವಾಪಸ್ ಬಸ್ಸಿಗೆ ಕಾಯುವಾಗ. ನೌಕರಿ ಕೈತಪ್ಪಿತು. ಮೂರು ತಿಂಗಳು ಕೂತು ಕಲಿತ ಸಿ ಭಾಷೆಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಬಹಳ ವರ್ಷ ಉಳಿಯಿತು.

ಒಗಟು ಕೇಳಿ ಆರಿಸುವ ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. 1955ರಲ್ಲಿ ಐಬಿಎಂ ಪ್ರೋಗ್ರಾಮರ್‌ಗಳನ್ನು ಆರಿಸಲು ಒಂದು ಪರೀಕ್ಷೆ ಸಿದ್ಧಪಡಿಸಿತು: ಸಂಖ್ಯೆಗಳ ಸರಣಿ, ಆಕೃತಿಗಳ ಹೋಲಿಕೆ, ಅಂಕಗಣಿತ. ಪ್ರೋಗ್ರಾಮಿಂಗ್ ಒಂದು ಸಾಲೂ ಇಲ್ಲ. ಇರುವುದಾದರೂ ಹೇಗೆ? ಆ ಕಸುಬು ಬಲ್ಲವರೇ ಬೆರಳೆಣಿಕೆಯಷ್ಟು, ಕಲಿಯಬಲ್ಲವರನ್ನು ಹುಡುಕಬೇಕಿತ್ತು. ನಮ್ಮಲ್ಲೂ ಸಿವಿಲ್, ಮೆಕ್ಯಾನಿಕಲ್ ಓದಿದವರನ್ನು ತಂದು ತರಬೇತಿ ಕೊಡುತ್ತಿದ್ದ ದಿನಗಳಲ್ಲಿ ಅದೇ ನೆವ ನಡೆಯುತ್ತಿತ್ತು. ನಾನೂ ಮೆಕ್ಯಾನಿಕಲ್ಲೇ, ದೂರುವ ಹಾಗಿಲ್ಲ.

ಕಸುಬು ಬಲ್ಲವರು ತುಂಬಿದ ಮೇಲೂ ಒಗಟು ಮಾತ್ರ ಬಿಡಲಿಲ್ಲ. ಮೈಕ್ರೋಸಾಫ್ಟ್ ಸಂದರ್ಶನವೆಂದರೆ ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿದೆ ಎಂಬ ಪ್ರಶ್ನೆಯೇ ನೆನಪಾಗುವಷ್ಟು. 2007ರ ಹೊತ್ತಿಗೆ ಫಿಜ್‌ಬಜ್ ಬಂತು: 1ರಿಂದ 100ರವರೆಗೆ ಎಣಿಸು, 3ರಿಂದ ಭಾಗವಾದರೆ ಫಿಜ್, 5ರಿಂದಾದರೆ ಬಜ್, ಎರಡರಿಂದಲೂ ಆದರೆ ಫಿಜ್‌ಬಜ್. ಇಷ್ಟು ಸುಲಭದ್ದನ್ನು ಕೇಳುವುದೇ ಅವಮಾನ ಅನ್ನಿಸಿತ್ತು, ನಾನೇ ಕೇಳತೊಡಗುವವರೆಗೆ. 15ರ ಹತ್ತಿರ ಎಷ್ಟು ಜನ ಎಡವಿದರು!

ಈಗ ನಾನು ಒಗಟು ಕೇಳುವುದಿಲ್ಲ. ನಮ್ಮಲ್ಲೇ ಓಡುತ್ತಿರುವ ಇಪ್ಪತ್ತು ಸಾಲು ಕೋಡ್ ಪ್ರಿಂಟ್ ತೆಗೆದು ಮುಂದಿಡುತ್ತೇನೆ. ಹೋದ ವಾರ ಬಂದ ಹುಡುಗಿಯೊಬ್ಬಳು ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಹದಿನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಸಾರ್, ಫೈಲು ಖಾಲಿ ಬಂದ್ರೆ ಇಲ್ಲಿ ಏನಾಗುತ್ತೆ?"

ನಾನದನ್ನು ಗಮನಿಸಿರಲಿಲ್ಲ.