ನಡೆಯದ ಪಂದ್ಯಗಳ ಲೆಕ್ಕ

1970ರ ಜನವರಿ 20ರ ರಾತ್ರಿ ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ಒಂದು ವಿಚಿತ್ರ ಸಿನಿಮಾ ತೆರೆಕಂಡಿತು. ಅದರಲ್ಲಿ ಇದ್ದದ್ದು ಒಂದು ಬಾಕ್ಸಿಂಗ್ ರಿಂಗ್, ಇಬ್ಬರು ಹೆವಿವೇಯ್ಟ್ ಬಾಕ್ಸರ್‌ಗಳು. ಒಬ್ಬ ರಾಕಿ ಮಾರ್ಸಿಯಾನೊ, 49 ಪಂದ್ಯ ಆಡಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾದವನು. ಇನ್ನೊಬ್ಬ ಅಲ್ಲಿಯವರೆಗೆ ಯಾರಿಗೂ ಸೋಲದಿದ್ದ ಮೊಹಮ್ಮದ್ ಅಲಿ. ಹದಿಮೂರನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದ. ಈ ಇಬ್ಬರು ನಿಜವಾಗಿ ಎಂದೂ ಸೆಣಸಿದವರಲ್ಲ. ಯಾರು ಬೀಳಬೇಕು ಎಂದು ತೀರ್ಮಾನಿಸಿದ್ದು ಕಂಪ್ಯೂಟರ್ ಎಂದು ಪ್ರೇಕ್ಷಕರಿಗೆ ಹೇಳಲಾಗಿತ್ತು.

ಬೇರೆ ಬೇರೆ ಕಾಲದ ಮಲ್ಲರನ್ನು ಒಂದೇ ಅಖಾಡಕ್ಕೆ ಇಳಿಸುವ ಆಸೆ ಹಳೆಯದು. ಅದನ್ನು ವ್ಯಾಪಾರವಾಗಿಸಿದವನು ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್. 1967ರಲ್ಲಿ ಅವನು ಹದಿನಾರು ಹೆವಿವೇಯ್ಟ್‌ಗಳನ್ನು ಆರಿಸಿ, ಅವರ ದಾಖಲೆಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಉಣಿಸಿ, ಬಂದ ಫಲಿತಾಂಶಗಳನ್ನು ರೇಡಿಯೊ ವೀಕ್ಷಕ ವಿವರಣೆಯಾಗಿ ಬಿತ್ತರಿಸಿದ. ಫೈನಲ್‌ನಲ್ಲಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದ. ಅಲಿ ಅದಕ್ಕೂ ಮೊದಲೇ ಕ್ವಾರ್ಟರ್ ಫೈನಲ್‌ನಲ್ಲಿ ಜಿಮ್ ಜೆಫ್ರೀಸ್ ಎಂಬವನಿಗೆ ಸೋತು ಹೊರಬಿದ್ದಿದ್ದ. ತನ್ನ ಮಾನ ಹೋಯಿತೆಂದು ಅಲಿ ಹತ್ತು ಲಕ್ಷ ಡಾಲರ್‌ಗೆ ದಾವೆ ಹೂಡಿದ. ಆ ದಾವೆಯ ರಾಜಿಯಲ್ಲಿ ಹುಟ್ಟಿದ್ದೇ ಈ ಸಿನಿಮಾ.

ಜೆಫ್ರೀಸ್‌ಗೆ ಸೋಲುವುದು ಅಷ್ಟು ಅವಮಾನವೇ? ಹೆಸರಿನ ಹಿಂದಿನ ಕಥೆ ಗೊತ್ತಿದ್ದವರಿಗೆ ಹೌದು.

ಜೆಫ್ರೀಸ್ 1899ರಿಂದ 1905ರವರೆಗೆ ಚಾಂಪಿಯನ್ ಆಗಿದ್ದ ಬಿಳಿಯ. ಆ ದಿನಗಳಲ್ಲಿ ಅವನೆದುರು ನಿಲ್ಲುವ ಯೋಗ್ಯತೆ ಇದ್ದ ಕಪ್ಪು ಬಾಕ್ಸರ್ ಜ್ಯಾಕ್ ಜಾನ್ಸನ್. ಆದರೆ ಚಾಂಪಿಯನ್ ಪಟ್ಟವನ್ನು ಕಪ್ಪು ಜನರೆದುರು ಪಣಕ್ಕಿಡುವುದಿಲ್ಲ ಎಂಬುದು ಜೆಫ್ರೀಸನ ನಿಲುವು. ಸೋಲದೆಯೇ ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ. 1908ರಲ್ಲಿ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಹೊಡೆದು ಮೊದಲ ಕಪ್ಪು ಹೆವಿವೇಯ್ಟ್ ಚಾಂಪಿಯನ್ ಆದಾಗ, ಬಿಳಿಯರ ಮಾನ ಉಳಿಸಲೆಂದು ಜೆಫ್ರೀಸನನ್ನು ಮತ್ತೆ ಕರೆತಂದರು. 1910ರ ಜುಲೈ 4ರಂದು ರೀನೊ ಊರಿನಲ್ಲಿ ಜಾನ್ಸನ್ ಅವನನ್ನು ಹದಿನೈದನೆಯ ಸುತ್ತಿನಲ್ಲಿ ಮುಗಿಸಿದ. ಸುದ್ದಿ ತಲುಪಿದ ಅನೇಕ ಊರುಗಳಲ್ಲಿ ಗಲಭೆಯಾಗಿ ಹೆಣಗಳು ಬಿದ್ದವು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ಕಾನೂನು ನಿಷೇಧಿಸಿತು. ಅರವತ್ತರ ದಶಕದ ಕೊನೆಗೆ ಜಾನ್ಸನ್ ಬದುಕಿನ ಎಳೆ ಹಿಡಿದ ನಾಟಕವೊಂದು ಬ್ರಾಡ್‌ವೇನಲ್ಲಿ ನಡೆದಾಗ ಅಲಿ ಹೋಗಿ ನೋಡಿ, ಅದು ತನ್ನದೇ ಕಥೆ ಎಂದುಕೊಂಡಿದ್ದ.

ಯಂತ್ರಕ್ಕೆ ಇದು ಯಾವುದೂ ಗೊತ್ತಿರಲಿಲ್ಲ. ಅದಕ್ಕೆ ಸಿಕ್ಕಿದ್ದು ದಾಖಲೆ ಮಾತ್ರ. ಬಲಿಷ್ಠ ಎದುರಾಳಿಯನ್ನು ದೂರವಿಟ್ಟದ್ದಕ್ಕೆ ದಾಖಲೆಯಲ್ಲಿ ಅಂಕ ಕಳೆಯುವುದಿಲ್ಲ. ಆಡದ ಪಂದ್ಯಕ್ಕೆ ಕಾಲಂ ಇರುವುದಿಲ್ಲ. ಜಾನ್ ಎಲ್. ಸಲಿವನ್ ಪೀಟರ್ ಜಾಕ್ಸನ್‌ನೊಡನೆ ಆಡಲಿಲ್ಲ. ಡೆಂಪ್ಸಿ ಮತ್ತು ಹ್ಯಾರಿ ವಿಲ್ಸ್ ನಡುವಿನ ಪಂದ್ಯದ ಮಾತು ವರ್ಷಗಟ್ಟಲೆ ನಡೆದು ಮಾತಾಗಿಯೇ ಉಳಿಯಿತು. 1915ರಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ, 1937ರಲ್ಲಿ ಜೋ ಲೂಯಿಸ್ ಬರುವವರೆಗೆ, 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಆ ಪಟ್ಟಕ್ಕೆ ಸೆಣಸುವ ಅವಕಾಶವೇ ಸಿಗಲಿಲ್ಲ. ಜಾನ್ಸನ್ ಕೂಡ ಇದರಲ್ಲಿ ಪೂರ್ತಿ ಅಮಾಯಕನಲ್ಲ: ತಾನು ಚಾಂಪಿಯನ್ ಆದ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅವನೂ ಬಾಗಿಲು ತೆರೆಯಲಿಲ್ಲ. ಲ್ಯಾಂಗ್‌ಫರ್ಡ್ ಎಷ್ಟು ದೊಡ್ಡವನಾಗಬಹುದಿತ್ತು ಎಂದು ಯಾವ ಲೆಕ್ಕವೂ ಹೇಳಲಾರದು.

ಇಂಥ ಹೋಲಿಕೆಗಳಲ್ಲಿ ಪದಗಳೂ ಮೋಸ ಮಾಡುತ್ತವೆ. 'ಸುತ್ತು' ಎಂಬುದನ್ನೇ ನೋಡಿ. 1889ರಲ್ಲಿ ಸಲಿವನ್ ಬರಿಗೈಯಲ್ಲಿ ಜೇಕ್ ಕಿಲ್‌ರೇನ್ ಜೊತೆ 75 ಸುತ್ತು ಹೋರಾಡಿದ ಎಂದು ಓದಿದರೆ ಇಂದಿನ ಹನ್ನೆರಡು ಸುತ್ತಿನವರು ಎಳಸು ಎನಿಸುತ್ತಾರೆ. ಆದರೆ ಆ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತು. ಅದು ಹತ್ತು ಸೆಕೆಂಡಿನದೂ ಆಗಬಹುದು. ಮೂರು ನಿಮಿಷದ ಸುತ್ತು ಬೇರೆಯದೇ ವಸ್ತು. ಹಾಗೆಯೇ 1919ರಲ್ಲಿ ಡೆಂಪ್ಸಿ ಮೊದಲ ಸುತ್ತಿನಲ್ಲೇ ಜೆಸ್ ವಿಲರ್ಡ್‌ನನ್ನು ಏಳು ಸಲ ಕೆಡವಿದ್ದು. ಬಿದ್ದವನ ತಲೆಯ ಮೇಲೇ ನಿಂತು, ಅವನು ಮೊಣಕಾಲು ಎತ್ತುತ್ತಲೇ ಮತ್ತೆ ಬಾರಿಸಲು ಆಗ ಅಡ್ಡಿಯಿರಲಿಲ್ಲ.

'ಹೆವಿವೇಯ್ಟ್' ಎಂಬ ಪದವೂ ಅಷ್ಟೆ. ಮಾರ್ಸಿಯಾನೊ ತೂಗುತ್ತಿದ್ದದ್ದು ಸುಮಾರು 84 ಕಿಲೊ. ಇಂದು ಅವನನ್ನು ತಕ್ಕಡಿಗೆ ಹತ್ತಿಸಿದರೆ ಕ್ರೂಸರ್‌ವೇಯ್ಟ್ ಎಂದು ಬೇರೆ ಸಾಲಿಗೆ ಕಳಿಸುತ್ತಾರೆ. ಆರಡಿ ಒಂಬತ್ತು ಅಂಗುಲದ ಟೈಸನ್ ಫ್ಯೂರಿಯ ಎದುರು ಅವನು ಏನು ಮಾಡುತ್ತಿದ್ದ ಎಂದು ಕೇಳುವಾಗ, ಫ್ಯೂರಿಯ ಕಾಲದ ಊಟ, ತರಬೇತಿ, ವೈದ್ಯರು ಅವನಿಗೂ ಸಿಗಬೇಕೇ ಬೇಡವೇ ಎಂದು ಮೊದಲು ಹೇಳಬೇಕಾಗುತ್ತದೆ. ಅದನ್ನು ಹೇಳಿದ ಕ್ಷಣಕ್ಕೆ ಅರ್ಧ ಉತ್ತರ ಹೇಳಿದಂತೆಯೇ. 49-0 ಎಂಬ ಸಂಖ್ಯೆಯ ಒಳಗೂ ಇಣುಕಬೇಕು: ಮಾರ್ಸಿಯಾನೊ ಸೋಲಿಸಿದಾಗ ಜೋ ಲೂಯಿಸ್‌ಗೆ 37 ವರ್ಷ, ಜರ್ಸಿ ಜೋ ವಾಲ್ಕಾಟ್‌ಗೆ 38. ಅದು ಅವನ ತಪ್ಪಲ್ಲ. ತನ್ನ ಕಾಲ ಎದುರಿಗೆ ತಂದು ನಿಲ್ಲಿಸಿದವರನ್ನಷ್ಟೇ ಯಾರಾದರೂ ಹೊಡೆಯಬಲ್ಲರು.

ಸಿನಿಮಾದ ಚಿತ್ರೀಕರಣ 1969ರಲ್ಲಿ ಮಯಾಮಿಯ ಮುಚ್ಚಿದ ಸ್ಟುಡಿಯೊದಲ್ಲಿ ನಡೆಯಿತು. ಮಾರ್ಸಿಯಾನೊ ಇಪ್ಪತ್ತು ಕಿಲೊದಷ್ಟು ಇಳಿಸಿ, ಬೋಳು ಮುಚ್ಚಲು ಟೋಪನ್ ಹಾಕಿಕೊಂಡು ಬಂದ. ನಿಮಿಷ ನಿಮಿಷದ ಎಪ್ಪತ್ತರಷ್ಟು ಸುತ್ತುಗಳನ್ನು ಆಡಿಸಿದರು. ಹಲವು ಬಗೆಯ ಮುಕ್ತಾಯಗಳನ್ನೂ ಚಿತ್ರಿಸಿದ್ದರಿಂದ ಯಾವುದು ಉಳಿಯುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಮಾರ್ಸಿಯಾನೊಗೆ ಅದು ತಿಳಿಯಲೇ ಇಲ್ಲ. ಆಗಸ್ಟ್ 31ರಂದು, ತನ್ನ 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಐಯೊವಾದಲ್ಲಿ ಪುಟ್ಟ ವಿಮಾನ ಬಿದ್ದು ಅವನು ತೀರಿಕೊಂಡ.

ಅಲಿ ಆ ಸ್ಟುಡಿಯೊಗೆ ಬಂದದ್ದಕ್ಕೆ ದಾವೆಯೊಂದೇ ಕಾರಣವಲ್ಲ. ಅವನಿಗೆ ಆಡಲು ಬೇರೆ ರಿಂಗೇ ಇರಲಿಲ್ಲ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧದ ಕಾಲದ ಸೇನಾ ಸೇರ್ಪಡೆಯನ್ನು ನಿರಾಕರಿಸಿದ ಕೂಡಲೇ ಅವನ ಪರವಾನಗಿ, ಪಟ್ಟ ಎರಡೂ ಹೋಗಿದ್ದವು. 25ನೆಯ ವಯಸ್ಸಿನಿಂದ 28ರವರೆಗೆ ಅವನು ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಕಾಲು ಅತ್ಯಂತ ಚುರುಕಾಗಿರುವ ವರ್ಷಗಳವು. 1971ರಲ್ಲಿ ಫ್ರೇಜಿಯರ್‌ಗೆ ಸೋತ ಅಲಿ, 1974ರಲ್ಲಿ ಕಿನ್ಶಾಸದಲ್ಲಿ ಹಗ್ಗಕ್ಕೆ ಒರಗಿ ಫೋರ್‌ಮನ್‌ನ ಹೊಡೆತ ತಿನ್ನುತ್ತಲೇ ಗೆದ್ದ ಅಲಿ, ಇವರು ಆ ಖಾಲಿ ವರ್ಷಗಳ ಆಚೆಗಿನ ಬೇರೆ ಬಾಕ್ಸರ್. 'ಉತ್ತುಂಗದ ಅಲಿ'ಯನ್ನು ಯಾರಿಗಾದರೂ ಹೋಲಿಸುವವರು, ಯಾರೂ ನೋಡದ ಒಬ್ಬನನ್ನು ಹೋಲಿಸುತ್ತಿರುತ್ತಾರೆ.

ಅಮೆರಿಕ ಅವನನ್ನು ಮತ್ತೆ ರಿಂಗಿಗೆ ಬಿಟ್ಟದ್ದು ಸಿನಿಮಾ ಬಂದ ಒಂಬತ್ತು ತಿಂಗಳ ಬಳಿಕ, 1970ರ ಅಕ್ಟೋಬರ್ 26ರಂದು, ಅಟ್ಲಾಂಟಾದಲ್ಲಿ. ಎದುರಾಳಿ ಜೆರ್ರಿ ಕ್ವಾರಿ, ಬಿಳಿಯ. ಮೂರು ಸುತ್ತು ಮುಗಿಯುವಷ್ಟರಲ್ಲಿ ಕ್ವಾರಿಯ ಹುಬ್ಬು ಒಡೆದು ರಕ್ತ ಹರಿಯಿತು. ನಾಲ್ಕನೆಯ ಸುತ್ತು ನಡೆಯಲೇ ಇಲ್ಲ.