ಅಜ್ಜನ ತಟ್ಟೆ ಮತ್ತು ಮದರಾಸಿನ ಒಂದು ಪ್ರಯೋಗ

ಮೊನ್ನೆ ದೊಡ್ಡಮ್ಮನನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಟೋಕನ್ ಹಿಡಿದು ಕೂತಿದ್ದಾಗ ಎದುರಿನ ಗೋಡೆಯ ಮೇಲೊಂದು ಚೀಟಿ ಕಾಣಿಸಿತು. ಮಧುಮೇಹಕ್ಕೆ ಹೊಸ ಮಾತ್ರೆಯೊಂದರ ಅಧ್ಯಯನ ನಡೆಯುತ್ತಿದೆ, ಭಾಗವಹಿಸಲು ಇಷ್ಟವಿರುವ ರೋಗಿಗಳು ಇಂಥ ಕೊಠಡಿಗೆ ಬನ್ನಿ ಅಂತ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮನ್ನೇನು ಇಲಿ ಅಂದ್ಕೊಂಡಿದಾರೇನೋ ಇವ್ರು?" ಅಂದಳು.

ನಾನು ನಕ್ಕುಬಿಟ್ಟೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು. ಯಾಕೆಂದರೆ ಅವಳ ಅಪ್ಪ, ಅಂದರೆ ನನ್ನ ಅಜ್ಜ, ಬದುಕಿದ್ದೇ ಇಂಥದೊಂದು ಪ್ರಯೋಗದಿಂದ. ಅದು ಅಜ್ಜನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿಲ್ಲ.

ಅಜ್ಜನದು ತಿಪಟೂರಿನ ಹತ್ತಿರದ ಹಳ್ಳಿ. 1967ರಲ್ಲಿ ಅವರಿಗೆ ಕ್ಷಯ. ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆ ಬಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಆಗ ಕ್ಷಯಕ್ಕೆ ಔಷಧಿ ಎಂದರೆ ವಿಶ್ರಾಂತಿ, ಒಳ್ಳೆಯ ಊಟ, ಒಳ್ಳೆಯ ಗಾಳಿ. ಅದಕ್ಕೇ ಊರಾಚೆ ಸ್ಯಾನಟೋರಿಯಂಗಳು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇದೆಯಲ್ಲ, ಆ ಹೆಸರಿನ ಹಿಂದಿರುವುದೂ ಕ್ಷಯವೇ. ಅರಮನೆಯನ್ನೂ ಬಿಡದ ಕಾಯಿಲೆ ಅದು.

ಮೊದಲ ಬಾರಿಗೆ ನಿಜವಾಗಿ ಕೆಲಸ ಮಾಡುವ ಔಷಧಿ ಸಿಕ್ಕಿದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೋಮೈಸಿನ್. ಅಮೆರಿಕಾದಲ್ಲಿ ತಯಾರಾಗುತ್ತಿತ್ತು. ಯುದ್ಧ ಮುಗಿಸಿ ಸುಸ್ತಾಗಿದ್ದ ಬ್ರಿಟನ್ನಿನ ಬಳಿ ಕೊಳ್ಳಲು ಡಾಲರ್ ಇರಲಿಲ್ಲ, ಸಿಕ್ಕಿದ್ದು ಸ್ವಲ್ಪವೇ. ಯಾರಿಗೆ ಕೊಡುವುದು? ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ದಾರಿ ಹೇಳಿದ. ಹೇಗೂ ಎಲ್ಲರಿಗೂ ಸಾಲುವುದಿಲ್ಲ, ವೈದ್ಯರ ಇಷ್ಟಕ್ಕೂ ಬಿಡುವುದು ಬೇಡ, ಮುಚ್ಚಿದ ಲಕೋಟೆಯಲ್ಲಿ ಬಂದಂತೆ ಆಗಲಿ ಅಂತ. 107 ರೋಗಿಗಳಲ್ಲಿ 55 ಮಂದಿಗೆ ಔಷಧಿ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಜನ ತೀರಿಕೊಂಡಿದ್ದರು, ಉಳಿದ ಗುಂಪಿನಲ್ಲಿ 14 ಜನ. ಈ ವರದಿ 1948ರಲ್ಲಿ ಪ್ರಕಟವಾಯಿತು. ಇವತ್ತಿನ ಎಲ್ಲ ಔಷಧಿ ಪ್ರಯೋಗಗಳಿಗೆ ಅದೇ ಮಾದರಿ.

ಆದರೆ ಒಂದು ವಿಷಯ ಇದೆ. ಆ 52 ಜನರಿಗೆ ತಾವೊಂದು ಪ್ರಯೋಗದಲ್ಲಿ ಇದ್ದೇವೆ ಅಂತ ಯಾರೂ ಹೇಳಿರಲಿಲ್ಲ. ದೊಡ್ಡಮ್ಮನ "ಇಲಿ" ಮಾತು ಸುಮ್ಮನೆ ಹುಟ್ಟಿದ್ದಲ್ಲ ನೋಡಿ.

ಇನ್ನು ನಮ್ಮ ಕಡೆಗೆ ಬರೋಣ. 1950ರ ದಶಕದಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ ಬಂತು. ಪಿ.ಎ.ಎಸ್. ಜೊತೆ ಸೇರಿಸಿ ಒಂದು ವರ್ಷ ಕೊಟ್ಟರೆ ಗುಣ. ಸರಿ, ಆದರೆ ಭಾರತದಲ್ಲಿದ್ದ ರೋಗಿಗಳು ಲಕ್ಷಾಂತರ, ಸ್ಯಾನಟೋರಿಯಂ ಹಾಸಿಗೆಗಳು ಬೆರಳೆಣಿಕೆ. ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರೆ ಸಾಕಾ? ಹಾಗೆ ಮಾಡಿದರೆ ಮನೆಮಂದಿಗೆಲ್ಲ ಹಬ್ಬುವುದಿಲ್ಲವಾ? ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಇದನ್ನು ತಿಳಿಯಲೆಂದೇ 1956ರಲ್ಲಿ ಮದರಾಸಿನ ಚೇಟ್‌ಪೇಟೆಯಲ್ಲಿ ಒಂದು ಕೇಂದ್ರ ಶುರುವಾಯಿತು. ಐ.ಸಿ.ಎಂ.ಆರ್., ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಎಲ್ಲ ಸೇರಿ ಮಾಡಿದ್ದು. ಮುಖ್ಯಸ್ಥ ವಾಲೇಸ್ ಫಾಕ್ಸ್ ಎಂಬ ವೈದ್ಯ. ಮದರಾಸಿನ ಬಡ ಬಡಾವಣೆಗಳಿಂದ ಬಂದ ನೂರೈವತ್ತಕ್ಕೂ ಹೆಚ್ಚು ರೋಗಿಗಳನ್ನು ಎರಡು ಪಾಲು ಮಾಡಿದರು. ಅರ್ಧ ಜನ ಸ್ಯಾನಟೋರಿಯಂಗೆ, ಅಲ್ಲಿ ಹಾಸಿಗೆ, ಹಾಲು, ಹಣ್ಣು, ನರ್ಸು. ಇನ್ನರ್ಧ ಜನ ತಮ್ಮದೇ ಇಕ್ಕಟ್ಟಿನ ಮನೆಗೆ, ಅಲ್ಲಿ ಗಂಜಿ, ಕೂಲಿ, ಮಕ್ಕಳು ಮರಿ. ಮಾತ್ರೆ ಮಾತ್ರ ಇಬ್ಬರಿಗೂ ಒಂದೇ. ಮನೆಯವರು ನಿಜವಾಗಿ ನುಂಗುತ್ತಾರಾ ಅಂತ ಹೇಳದೇ ಕೇಳದೇ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡುತ್ತಿದ್ದರು.

ವರ್ಷದ ಕೊನೆಗೆ ನೋಡಿದರೆ ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಜನ ಗುಣವಾಗಿದ್ದರು, ಮನೆಯಲ್ಲಿದ್ದವರಲ್ಲಿ 86. ಹೆಚ್ಚೇನೂ ವ್ಯತ್ಯಾಸವಿಲ್ಲ. ಹಾಲು ಕುಡಿದವರ ತೂಕ ಏರಿತ್ತು ನಿಜ, ಆದರೆ ಕ್ರಿಮಿಯನ್ನು ಕೊಂದದ್ದು ಮಾತ್ರೆ. ಇದು 1959ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿ ರೋಗಿಗಳನ್ನು ಮಾತಾಡಿಸಿದರು. ಬಹಳ ಮಂದಿಗೆ ತಮ್ಮ ಕೆಮ್ಮಿನ ಬಗ್ಗೆ ಚಿಂತೆ ಇತ್ತು, ಎಷ್ಟೋ ಜನ ಆಗಲೇ ವೈದ್ಯರ ಹತ್ತಿರ ಹೋಗಿಯೂ ಬಂದಿದ್ದರು. ಹಳ್ಳಿಯವರಿಗೆ ಅರಿವಿಲ್ಲ ಅನ್ನುವುದು ಸುಳ್ಳಾಯಿತು. 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬಂತು, ಊರ ಹತ್ತಿರದ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವಂತಾಯಿತು. ಐದು ವರ್ಷ ಬಿಟ್ಟು ನನ್ನ ಅಜ್ಜ ಅಲ್ಲಿಗೇ ನಡೆದುಕೊಂಡು ಹೋಗಿ ಮಾತ್ರೆ ತಂದದ್ದು.

ಇದನ್ನೆಲ್ಲ ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಅವಳಿಗೆ ಇನ್ನೊಂದು ನೆನಪಾಯಿತು. ಅಜ್ಜನಿಗೆ ಬೇರೆ ತಟ್ಟೆ, ಬೇರೆ ಲೋಟ. ಒಂದೂವರೆ ವರ್ಷ ಊಟ ಜಗಲಿಯಲ್ಲಿ, ಒಬ್ಬರೇ. ಮಕ್ಕಳು ಹತ್ತಿರ ಹೋದರೆ ಅಜ್ಜಿ ಬೈಯುತ್ತಿದ್ದರು. "ಅಪ್ಪ ಕೈ ಚಾಚ್ತಿದ್ರು ಕಣೋ, ನಾವು ಹೋಗ್ತಿರ್ಲಿಲ್ಲ" ಅಂದಳು.

ಹೇಳಲೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದೆ. ಮದರಾಸಿನವರು ಆ ರೋಗಿಗಳ ಮನೆಮಂದಿಯನ್ನೂ ಐದು ವರ್ಷ ಗಮನಿಸಿದ್ದರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಮಕ್ಕಳಿಗೆ, ಸ್ಯಾನಟೋರಿಯಂಗೆ ಹೋದವರ ಮಕ್ಕಳಿಗಿಂತ ಹೆಚ್ಚು ಕಾಯಿಲೆ ಬಂದಿರಲಿಲ್ಲ. ಹರಡುವುದು ಬಹುತೇಕ ಮಾತ್ರೆ ಶುರುವಾಗುವ ಮುಂಚೆಯೇ. ಇದು ಪ್ರಕಟವಾದದ್ದು 1966ರಲ್ಲಿ.

"ಅಂದ್ರೆ ಆಗ್ಲೇ ಗೊತ್ತಿತ್ತಾ?" ಅಂದಳು. ಗೊತ್ತಿತ್ತು, ಆದರೆ ನಮ್ಮೂರಿಗೆ ಬಂದಿರಲಿಲ್ಲ ಅಂದೆ. ಬಹಳ ಹೊತ್ತು ಮಾತಾಡಲಿಲ್ಲ.

ಹಾಗಂತ ಪ್ರಯೋಗವೆಂದರೆ ಎಲ್ಲ ಒಳ್ಳೆಯದೇ ಅಂತ ನಾನು ಹೇಳುತ್ತಿಲ್ಲ. ಅಮೆರಿಕಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನರನ್ನು, ಪೆನಿಸಿಲಿನ್ ಬಂದ ಮೇಲೂ ಕೊಡದೆ, ಸುಮ್ಮನೆ ನೋಡುತ್ತಾ ಕೂತಿದ್ದರು. ನಮ್ಮಲ್ಲೂ ಬಡ ರೋಗಿಗಳಿಗೆ ಸರಿಯಾಗಿ ಹೇಳದೆ ಪ್ರಯೋಗ ಮಾಡುತ್ತಾರೆಂದು ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲೆ ನಿಯಮಗಳು ಬಿಗಿಯಾದವು. ಈಗ 2019ರ ನಿಯಮಗಳಿವೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಯಾವಾಗ ಬೇಕಾದರೂ ಬಿಟ್ಟುಬರಬಹುದು, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಪ್ರಯೋಗ ಶುರುವಾಗುವ ಮುಂಚೆಯೇ ಅದು ಸಿ.ಟಿ.ಆರ್.ಐ. ನೋಂದಣಿಯಲ್ಲಿ ಇರಬೇಕು, ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು.

ಮರುವಾರ ದೊಡ್ಡಮ್ಮನೇ "ಆ ಚೀಟಿ ಕೊಠಡಿಗೆ ಹೋಗೋಣ" ಅಂದಳು. ಕನ್ನಡದ ಒಪ್ಪಿಗೆ ಪತ್ರ ಮನೆಗೆ ತಂದು ಮೂರು ಸಂಜೆ ಓದಿಸಿಕೊಂಡಳು. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಸಿದಳು. ಎಲ್ಲ ಕೇಳಿ ಸಹಿಯನ್ನೂ ಹಾಕಿದಳು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸ್ವಲ್ಪ ನಿಧಾನ ಅಂತ ಬಂದು, ನೀವು ಇದಕ್ಕೆ ಆಗುವುದಿಲ್ಲ ಅಂದುಬಿಟ್ಟರು.

ವಾಪಸ್ ಬರುವಾಗ ಆಟೋದಲ್ಲಿ ಮುಖ ಊದಿಸಿಕೊಂಡೇ ಕೂತಿದ್ದಳು. "ಮದರಾಸಿನ ಆ ಜನರ ಹೆಸ್ರು ಎಲ್ಲಾದ್ರೂ ಬರ್ದಿದಾರಾ?" ಅಂತ ಕೇಳಿದಳು. ಇಲ್ಲ ದೊಡ್ಡಮ್ಮ, ವರದಿಯಲ್ಲಿ ಬರೀ ಸಂಖ್ಯೆ ಇರುತ್ತೆ ಅಂದೆ.

ಅದಕ್ಕೇ ಇಷ್ಟು ಬರೆದೆ. ನಿಮ್ಮ ಮನೆಯ ಹಿರಿಯರಲ್ಲೂ ಜಗಲಿಯಲ್ಲಿ ಒಬ್ಬರೇ ಉಂಡವರು ಇದ್ದಿರಬಹುದು. ಒಮ್ಮೆ ಕೇಳಿ ನೋಡಿ.